ಸೋಮನ ಸೊನ್ನೆ, ನನ್ನ ವಿಸಲ್ಲು

ಆಸ್ಪತ್ರೆಯಲ್ಲಿ ನೋವು ಎಷ್ಟಿದೆ ಎಂದು ಕೇಳಿದರೆ ದಯವಿಟ್ಟು ನಿಜ ಹೇಳಿ. ಇಷ್ಟು ಹೇಳುವುದಕ್ಕೇ ನಾನು ಇದನ್ನೆಲ್ಲ ಬರೆಯಲು ಕುಳಿತಿರುವುದು. ಇಷ್ಟನ್ನೇ ಓದಿ ಎದ್ದು ಹೋದರೂ ನನಗೆ ಬೇಸರವಿಲ್ಲ. ಉಳಿದದ್ದೆಲ್ಲ ನಾನು ನಿಜ ಹೇಳದೆ ಏನಾಯಿತು, ಸೋಮ ನಿಜ ಹೇಳದೆ ಏನಾಯಿತು ಎಂಬ ಕಥೆ.

ನಾನು ವಾರದ ದಿನಗಳಲ್ಲಿ ಗಣಿತದ ಟೀಚರು, ಶನಿವಾರ ಭಾನುವಾರ ಬ್ಯಾಸ್ಕೆಟ್‌ಬಾಲ್ ರೆಫರಿ. ನಾವು ವಲಸೆ ಬಂದು ನೆಲೆಸಿದ ಲಿವರ್‌ಮೋರ್ ಸುತ್ತಮುತ್ತಲಿನ ಮಕ್ಕಳ ಲೀಗುಗಳಲ್ಲಿ ಹನ್ನೊಂದು ವರ್ಷ ವಿಸಲ್ ಊದಿದ್ದೇನೆ. ಮಂಡ್ಯದಲ್ಲಿ ಕಾಲೇಜು ತಂಡಕ್ಕೆ ಆಡುತ್ತಿದ್ದೆ. ಐದಡಿ ಒಂದಂಗುಲದಲ್ಲಿ ನನ್ನ ಬೆಳವಣಿಗೆ ನಿಂತುಹೋದಾಗ ನಮ್ಮ ಪಿ.ಟಿ. ಮೇಷ್ಟ್ರು, ನಿನಗೆ ಕಾಲು ಸಾಲದು, ಬಾಯಿ ಮಾತ್ರ ಬೇಕಾದಷ್ಟಿದೆ, ರೆಫರಿಯಾಗು ಎಂದು ತಮ್ಮ ಸ್ಟೀಲಿನ ವಿಸಲ್ಲನ್ನೇ ಕೊಟ್ಟುಬಿಟ್ಟರು. ಇಲ್ಲಿನ ರೆಫರಿಗಳೆಲ್ಲ ಪ್ಲಾಸ್ಟಿಕ್ಕಿನದನ್ನು ಊದುತ್ತಾರೆ. ನನ್ನದು ಒಳಗೆ ಕಾಳು ಕುಣಿಯುವ ಹಳೇ ಕಾಲದ್ದು. ಅದರ ಸದ್ದಿಗೆ ಪಕ್ಕದ ಕೋರ್ಟಿನ ಆಟವೂ ನಿಂತದ್ದುಂಟು.

ಆ ಬೇಸಿಗೆಯಲ್ಲಿ ಒಂದು ಟೂರ್ನಮೆಂಟು ನಡೆಯುತ್ತಿತ್ತು. ಎಡಗಾಲಿನ ಮೀನಖಂಡ ಎರಡು ದಿನದಿಂದ ಹಿಡಿದುಕೊಂಡಿತ್ತು. ಸ್ನಾಯು ಸೆಳೆತ ಎಂದುಕೊಂಡು ನೋವಿನ ಎಣ್ಣೆ ತಿಕ್ಕಿ ಓಡುತ್ತಿದ್ದೆ. ಮೂರನೆಯ ಆಟದಲ್ಲಿ ಒಬ್ಬಳು ಹುಡುಗಿ ಚೆಂಡು ಪುಟಿಸದೆ ಕೈಯಲ್ಲಿ ಹಿಡಿದುಕೊಂಡೇ ನಡೆದುಬಿಟ್ಟಳು. ನಾನು ವಿಸಲ್ ಬಾಯಿಗಿಟ್ಟು ಊದಿದರೆ ಗ್ಯಾಸ್ಕೆಟ್ ಹೋದ ಕುಕ್ಕರಿನ ಹಾಗೆ ಬರೀ ಗಾಳಿ ಬಂತು. ಯಾರಿಗೂ ಕೇಳಲಿಲ್ಲ. ಆಟ ಮುಂದುವರಿಯಿತು, ನಾನು ಗೋಡೆ ಹಿಡಿದು ನಿಂತೆ.

ಮಗಳು ಸಿರಿ ಹೊಸದಾಗಿ ಲೈಸೆನ್ಸು ಪಡೆದಿದ್ದಳು. ಅವಳೇ ಎಮರ್ಜೆನ್ಸಿಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿದ್ದ ನರ್ಸು, ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಒಂದು ನಂಬರು ಕೊಡಿ ಎಂದರು. ಎದೆಯೊಳಗೆ ಯಾರೋ ಮೊಣಕೈ ಊರಿದ ಹಾಗಿತ್ತು. ಎಂಟು ಎಂದು ನನಗೆ ಗೊತ್ತಿತ್ತು. ಆದರೆ ಪಕ್ಕದಲ್ಲಿ ಕೈಗೆ ಟವೆಲ್ ಸುತ್ತಿಕೊಂಡ ಬಡಗಿಯೊಬ್ಬರು ಕುಳಿತಿದ್ದರು, ಟವೆಲ್ ಕೆಂಪಾಗಿತ್ತು. ಆಚೆ ಕಡೆ ಗೊರಗೊರ ಎನ್ನುವ ಕೂಸನ್ನು ಎತ್ತಿಕೊಂಡ ತಾಯಿ. ಅವರನ್ನೆಲ್ಲ ಬಿಟ್ಟು ನಾನು ಮುಂದೆ ಹೋಗುವುದೇ ಎಂಬ ಸಂಕೋಚ. ನನ್ನ ಬಾಯಿಂದ ಬಂದದ್ದು ನಮ್ಮೂರಿನ ಮಾತು, ಇಂಗ್ಲಿಷಿನ ಬಟ್ಟೆ ತೊಟ್ಟು: ಇಟ್ಸ್ ಓಕೆ, ಮೂರು ಇರಬಹುದು.

ಕನ್ನಡದಲ್ಲಿ ಅದು ಪರವಾಗಿಲ್ಲ. ಚಪ್ಪಲಿ ಕಿತ್ತರೂ ಪರವಾಗಿಲ್ಲ, ಸಾರಿಗೆ ಉಪ್ಪಿಲ್ಲದಿದ್ದರೂ ಪರವಾಗಿಲ್ಲ. ಕೇಳಿದವರು ಕನ್ನಡದವರಾದರೆ ಮುಖ ನೋಡಿ, ಇಲ್ಲ, ಏನೋ ಇದೆ ಹೇಳು ಎನ್ನುತ್ತಾರೆ. ಪಾಪ, ಆ ನರ್ಸು ಮೂರು ಎಂದರೆ ಮೂರು ಎಂದೇ ಬರೆದುಕೊಂಡರು. ತಪ್ಪು ಅವರದಲ್ಲ. ನಾನು ಕುರ್ಚಿಯಲ್ಲಿ ಕಾದೆ. ಬಹಳ ಹೊತ್ತಾದ ಮೇಲೆ ನೀರು ಕುಡಿಯೋಣವೆಂದು ಎದ್ದವಳು ನಲ್ಲಿಯ ಮುಂದೆ ಕುಸಿದುಬಿದ್ದೆ. ಅಮ್ಮಾ ಎಂದು ಸಿರಿ ಕೂಗಿದ್ದು ಮಾತ್ರ ನೆನಪಿದೆ.

ಕಣ್ಣು ಬಿಟ್ಟಾಗ ಮೂಗಿಗೆ ಆಕ್ಸಿಜನ್ ನಳಿಗೆ ಇತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎರಡೂ ಶ್ವಾಸಕೋಶಗಳಿಗೆ ಹೋಗಿ ಕುಳಿತಿದೆ ಎಂದು ಡಾಕ್ಟರು ಹೇಳಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಶುರುಮಾಡಿ, ಸಿರಿಯ ಮುಖ ನೋಡಿ, ಆ ವಾಕ್ಯವನ್ನು ಅಲ್ಲಿಗೇ ಬಿಟ್ಟರು. ನನ್ನ ಗಂಡ ರಮೇಶ ಹಾಸನದವರು, ಮಾತು ಕಡಿಮೆ. ಆಫೀಸಿನಿಂದ ಓಡಿ ಬಂದವರು ಬ್ಯಾಡ್ಜನ್ನೂ ತೆಗೆಯದೆ ಮಂಚದ ಪಕ್ಕ ನಿಂತಿದ್ದರು.

"ಮೂರು ಅಂದ್ಯಂತೆ," ಎಂದರು. "ಯಾರಿಗೆ ಉಳಿಸೋಕೆ ಇಟ್ಕೊಂಡಿದ್ದೆ ಮಿಕ್ಕಿದ್ದನ್ನ?"

ತಮಾಷೆ ಮಾಡಲು ಹೊರಟವರು ಅರ್ಧಕ್ಕೇ ಅತ್ತುಬಿಟ್ಟರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವರ ಅಳು ನೋಡಿದ್ದು ಅದೇ ಮೊದಲು. ಸಿರಿ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. "ಅಮ್ಮಾ, ಯೂ ಗಿವ್ ಎವ್ರಿಬಡಿ ದಿ ರೈಟ್ ಸ್ಕೋರ್. ವೈ ನಾಟ್ ಯುವರ್‌ಸೆಲ್ಫ್?" ಎಂದು ಕೇಳಿ ಕಿಟಕಿಯ ಕಡೆ ತಿರುಗಿ ನಿಂತಳು.

ಮನೆಗೆ ಬಂದ ಮೇಲೆ ಹೆದರಿಕೆ ಶುರುವಾಯಿತು. ಆಸ್ಪತ್ರೆಯಲ್ಲಿ ಹೆದರುವುದಕ್ಕೂ ಪುರುಸೊತ್ತಿರಲಿಲ್ಲ. ನಮ್ಮ ಮನೆಯ ಮೆಟ್ಟಿಲು ಹದಿನಾಲ್ಕು ಎಂದು ಆಗಲೇ ನನಗೆ ಗೊತ್ತಾದದ್ದು, ಐದನೆಯದರಲ್ಲಿ ಕುಳಿತುಕೊಳ್ಳಬೇಕಾಗಿತ್ತು. ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರಿಂದ ನನಗೆ ಅಡುಗೆಮನೆಯ ಚಾಕು ನಿಷಿದ್ಧವಾಯಿತು. ರಮೇಶರು ಹುರುಳಿಕಾಯಿಯನ್ನು ಸ್ಕೇಲಿಟ್ಟ ಹಾಗೆ ಒಂದೇ ಅಳತೆಗೆ ಹೆಚ್ಚುವುದನ್ನು ಕಲಿತರು. ಪಲ್ಯ ಆಗುವ ಹೊತ್ತಿಗೆ ಹಸಿವೇ ಹೋಗಿರುತ್ತಿತ್ತು. ಮತ್ತೆ ಕೋರ್ಟಿನಲ್ಲಿ ಓಡಬಹುದೇ ಎಂದು ಡಾಕ್ಟರನ್ನು ಕೇಳಿದೆ. ಮೊದಲು ಮೆಟ್ಟಿಲು ಹತ್ತಿ, ಆಮೇಲೆ ನೋಡೋಣ ಎಂದರು. ಯಾವ ಪೋಷಕರೂ ನಂಬದ ಉತ್ತರವನ್ನು ಟೀಚರುಗಳು ಹೀಗೆಯೇ ಹೇಳುವುದು. ಹಾಗಾಗಿ ನನಗೂ ನಂಬಿಕೆ ಬರಲಿಲ್ಲ.

ಉಸಿರಾಟದ ವ್ಯಾಯಾಮಕ್ಕೆ ವಾಲ್ನಟ್ ಕ್ರೀಕಿನ ಒಂದು ಕ್ಲಿನಿಕ್ಕಿಗೆ ವಾರಕ್ಕೆ ಎರಡು ದಿನ ಹೋಗಬೇಕಿತ್ತು. ಮೊದಲ ದಿನ ರಿಜಿಸ್ಟರಿನಲ್ಲಿ ಹೆಸರು ಬರೆಯುವಾಗ ನನಗಿಂತ ಮೇಲಿನ ಸಾಲು ಕಣ್ಣಿಗೆ ಬಿತ್ತು: ಸೋಮ. ಇಂಗ್ಲಿಷ್ ಅಕ್ಷರಗಳಲ್ಲಿ, ದೊಡ್ಡದಾಗಿ. ನನ್ನ ಜೀವಕ್ಕೆ ಎಷ್ಟು ಹಿತವಾಯಿತೆಂದರೆ, ನಮ್ಮ ಕಡೆಯ ಸೋಮಣ್ಣನೊಬ್ಬ ಇಲ್ಲೇ ಉಸಿರಿಗೆ ಒದ್ದಾಡುತ್ತಿದ್ದಾನಲ್ಲ ಎಂದು ಖುಷಿಯೇ ಆಯಿತು. ಸುತ್ತ ನೋಡಿದೆ. ಮೂಲೆಯಲ್ಲಿ ಉಣ್ಣೆಯ ಟೋಪಿ ಹಾಕಿದ ಭಾರತೀಯ ಹಿರಿಯರೊಬ್ಬರು ಕುಳಿತಿದ್ದರು. ಅವರೇ ಎಂದು ಪಕ್ಕ ಹೋಗಿ ಕುಳಿತೆ.

"ಸೋಮಣ್ಣೋರಾ? ಯಾವ್ ಕಡೆಯೋರು ತಾವು, ಮದ್ದೂರಾ, ಮಳವಳ್ಳಿನಾ?"

ಅವರು ಗುಜರಾತಿನವರು. ಗಾಬರಿಯಾಗಿ ಕಿವಿಯ ಯಂತ್ರ ಸರಿಮಾಡಿಕೊಂಡರು. ಆಗ ಹಿಂದಿನಿಂದ, "ಸೋಮ ಅಂದ್ರೆ ನಾನು," ಎಂದು ದಪ್ಪ ದನಿಯ ಇಂಗ್ಲಿಷು ಕೇಳಿಸಿತು. ತಿರುಗಿದರೆ ನನ್ನ ಕಣ್ಣಿನ ಮಟ್ಟಕ್ಕೆ ಒಂದು ಬೆಲ್ಟು. ಕತ್ತೆತ್ತಿದೆ, ಇನ್ನೂ ಎತ್ತಿದೆ. ಆರಡಿ ಹತ್ತಂಗುಲದ ಕಪ್ಪು ಮನುಷ್ಯ, ಮುಖದ ತುಂಬ ನಗು, ಕೈಯಲ್ಲಿ ನಾನು ನುಂಗುತ್ತಿದ್ದ ಅದೇ ಮಾತ್ರೆಯ ಡಬ್ಬಿ.

ಅವನ ಪೂರ್ತಿ ಹೆಸರು ಸೋಮದಿನ. ನೈಜೀರಿಯಾದಲ್ಲಿ ಎನುಗು ಎಂಬ ಊರಿನ ಹತ್ತಿರ ಹುಟ್ಟಿದವನು. ಅವರ ಇಗ್ಬೊ ಭಾಷೆಯಲ್ಲಿ ಆ ಹೆಸರಿಗೆ ನಾನು ಒಂಟಿಯಾಗದಿರಲಿ ಎಂದು ಅರ್ಥವಂತೆ. ನಮ್ಮಲ್ಲಿ ಸೋಮ ಎಂದರೆ ಚಂದ್ರ, ಅಣ್ಣ ಸೇರಿಸಿದರೆ ನಮ್ಮೂರಿನವನೇ ಆಗುತ್ತೀಯ ಎಂದೆ. ಸೋಮಾನ್ನಾ, ಸೋಮಾನ್ನಾ ಎಂದು ಎರಡು ಸಲ ಹೇಳಿಕೊಂಡು ನೋಡಿದ. ಗುಜರಾತಿ ಹಿರಿಯರೂ ನಕ್ಕರು.

ಸೋಮ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ, ಆಗ ಅವನಿಗೆ ಮೂವತ್ತು ವರ್ಷ. ಟ್ರೆಡ್‌ಮಿಲ್ಲಿನ ಮೇಲೆ ಅಕ್ಕಪಕ್ಕ ಮೆಲ್ಲಗೆ ನಡೆಯುತ್ತ ಅವನ ಕಥೆಯನ್ನೆಲ್ಲ ಕೇಳಿದೆ. ಹದಿನೈದರವರೆಗೆ ಅವನು ಫುಟ್‌ಬಾಲಿನ ಗೋಲ್‌ಕೀಪರ್. ಅವನ ಕೈಗಳನ್ನು ನೋಡಿದ ಚರ್ಚಿನ ಶಾಲೆಯ ಮೇಷ್ಟ್ರು ಅಂಗಳದಲ್ಲಿ ಒಂದು ರಿಂಗು ಹಾಕಿಸಿದರು. ವೆಲ್ಡಿಂಗ್ ಮಾಡಿದ ಸೋದರಮಾವ ಅಳತೆ ತಪ್ಪಿ ರಿಂಗನ್ನು ಚಿಕ್ಕದು ಮಾಡಿಬಿಟ್ಟಿದ್ದರು. ಆ ಕಿರಿದಾದ ರಿಂಗಿಗೆ ಎರಡು ವರ್ಷ ಚೆಂಡು ಹಾಕಿ ಕಲಿತವನು ಕಾನ್ಸಸ್ಸಿನ ಹೈಸ್ಕೂಲಿಗೆ ಬಂದಾಗ, ಇಲ್ಲಿನ ರಿಂಗು ಬಟ್ಟೆ ಒಗೆಯುವ ಬೋಗುಣಿಯಷ್ಟು ದೊಡ್ಡದಾಗಿ ಕಂಡಿತಂತೆ. ಕಾಲೇಜಿನಲ್ಲಿ ಚೆನ್ನಾಗಿಯೇ ಆಡಿದ. ದೊಡ್ಡ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿ ಹೆಸರು ಕರೆಯುವ ದಿನ ಊರಿನಲ್ಲಿ ಅವನ ಅಮ್ಮ ನೆಂಟರನ್ನೆಲ್ಲ ಟಿ.ವಿ. ಮುಂದೆ ಕೂರಿಸಿದ್ದರು. ಯಾರೂ ಅವನ ಹೆಸರು ಕರೆಯಲಿಲ್ಲ. ಆಮೇಲೆ ಲಿಥುವೇನಿಯಾ, ಟರ್ಕಿ, ಜಪಾನು ಎಂದು ಎಂಟು ವರ್ಷ. ಎಲ್ಲ ದೇಶದಲ್ಲೂ ಮಂಚ ಚಿಕ್ಕದು ಎನ್ನುತ್ತಿದ್ದ. ಕೊನೆಗೆ ಇಲ್ಲಿ ಎರಡನೆಯ ದರ್ಜೆಯ ಲೀಗಿನ ಒಂದು ತಂಡ ಅವನನ್ನು ತೆಗೆದುಕೊಂಡಿತು. ಅಲ್ಲಿಂದ ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ಕಾಲಿಡುವ ಹೊತ್ತಿಗೆ ನನಗಾದದ್ದೇ ಅವನಿಗೂ ಆಯಿತು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರನ್ನು ಯಾವ ತಂಡವೂ ಕೋರ್ಟಿಗೆ ಬಿಡುವುದಿಲ್ಲ. ಒಂದು ಮೊಣಕೈ ತಾಗಿದರೆ ಸಾಕು, ಒಳಗೇ ರಕ್ತ ನಿಲ್ಲದೆ ಹರಿಯಬಹುದು. ಮಾತ್ರೆ ಬಿಟ್ಟರೆ ಮತ್ತೆ ಹೆಪ್ಪುಗಟ್ಟಬಹುದು. ಅವನಿಗೆ ಆಟ ಮತ್ತೆ ಸಿಗುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ನನಗೆ ಭಾನುವಾರದ ಮಕ್ಕಳ ಪಂದ್ಯ, ಅವನಿಗೆ ಇಡೀ ಬದುಕು.

ಕ್ಲಿನಿಕ್ಕಿನಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಮರಿಸೆಲ್ ಎಂಬ ಫಿಲಿಪ್ಪೀನ್ಸ್ ಮೂಲದ ಥೆರಪಿಸ್ಟು. ಗೇಣುದ್ದದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗೆ ಕೊಡುತ್ತಿದ್ದರು. ಅದರಲ್ಲಿ ಮೂರು ನೀಲಿ ಚೆಂಡುಗಳು, ಉಸಿರು ಎಳೆದರೆ ಅವು ಮೇಲೇರಬೇಕು. ಹುಟ್ಟಿದಾರಭ್ಯ ಚೆಂಡಿನಲ್ಲೇ ಅನ್ನ ತಿಂದವನು ಗೋಲಿಯಷ್ಟು ಚೆಂಡನ್ನು ಎತ್ತಲಾರದೆ ಬೆವರುತ್ತಿದ್ದ. ನಾನು ಒಂದು ಎತ್ತಿದ ದಿನ ಅವನ ಚೆಂಡು ಬರೀ ನಡುಗಿತು. ನನಗೆ ನಾಚಿಕೆಯಿಲ್ಲದೆ ಸಂತೋಷವಾಯಿತು.

ನಾನು ಕೆಮ್ಮಿದಾಗೆಲ್ಲ ಅವನು ಸಾರಿ ಎನ್ನುತ್ತಿದ್ದ. ಇವನೇನು ನನ್ನ ಶ್ವಾಸಕೋಶಕ್ಕೆ ಕಲ್ಲು ಹಾಕಿದನೇ ಎಂದು ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಅವರ ಊರಿನಲ್ಲಿ ಯಾರು ಎಡವಿದರೂ ನೋಡಿದವರು ಸಾರಿ ಎನ್ನುತ್ತಾರಂತೆ. ನಮ್ಮ ಅಯ್ಯೋ ಪಾಪದ ಹಾಗೆ. ಅವರಲ್ಲಿ ಇನ್ನೊಂದು ಮಾತಿದೆ, ನೋ ವಹಾಲಾ. ಏನೂ ತೊಂದರೆಯಿಲ್ಲ ಎಂದು. ಮರಿಸೆಲ್ ಹೇಗಿದ್ದೀಯ ಎಂದಾಗೆಲ್ಲ ಅವನ ಉತ್ತರ ಅದೇ. ಅದು ನನ್ನ ಪರವಾಗಿಲ್ಲ ಎಂಬ ಮಾತಿನ ಒಡಹುಟ್ಟು ಎಂದು ನನಗೆ ಒಂದೇ ವಾರದಲ್ಲಿ ಗೊತ್ತಾಯಿತು. ನಾನು ಕುಸಿದುಬಿದ್ದ ಕಥೆಯನ್ನು ಅವನಿಗೆ ಹೇಳಿ ಒಂದು ಒಪ್ಪಂದ ಮಾಡಿಕೊಂಡೆ. ನಮ್ಮಿಬ್ಬರ ನಡುವೆ ಪರವಾಗಿಲ್ಲ, ನೋ ವಹಾಲಾ ಎರಡೂ ನಿಷಿದ್ಧ. ಕೇಳಿದರೆ ನಂಬರು ಹೇಳಬೇಕು, ಸುಳ್ಳು ಹೇಳಿದರೆ ಫೌಲು. ಅವನು ನನ್ನನ್ನು ರೆಫ್ ಎಂದು ಕರೆಯತೊಡಗಿದ. ನಾಲ್ಕು ತಿಂಗಳಲ್ಲಿ ನನ್ನ ನಂಬರು ಆರರಿಂದ ಎರಡಕ್ಕೆ ಇಳಿಯಿತು. ಹದಿನಾಲ್ಕು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ ದಿನ ಮೇಲೆ ನಿಂತು ಸಿರಿಯನ್ನು ಕೂಗಿದೆ. ಅವಳು ಕೆಳಗಿನಿಂದ ಚಪ್ಪಾಳೆ ತಟ್ಟಿದಳು.

ಐದನೆಯ ತಿಂಗಳು ಸೋಮನಿಗೆ ಮಾತ್ರೆ ನಿಲ್ಲಿಸಿದರು. ದೊಡ್ಡ ಲೀಗಿನ ಒಂದು ತಂಡ ಶಿಬಿರಕ್ಕೆ ಬಂದು ಆಡಿ ತೋರಿಸು ಎಂದು ಕರೆದಿತ್ತು. ಎಂಟು ವರ್ಷಕ್ಕೂ ಮಿಗಿಲಾಗಿ ಕಾದಿದ್ದ ಕರೆ, ಇನ್ನು ಒಂಬತ್ತು ದಿನ ಇತ್ತು. ಆ ಮಂಗಳವಾರ ಅವನು ಬೆಂಚಿನ ಮೇಲೆ ಕುಳಿತು ಶೂ ಕಟ್ಟಿಕೊಳ್ಳುತ್ತಿದ್ದ. ಎಡಗಾಲಿನ ಕಾಲುಚೀಲ ಚರ್ಮಕ್ಕೆ ಹೂತುಹೋದ ಹಾಗಿತ್ತು, ಬಲಗಾಲಿನದು ಸಡಿಲವಾಗಿತ್ತು. ನನ್ನ ಕಣ್ಣು ಹನ್ನೊಂದು ವರ್ಷದಿಂದ ಕಾಲುಗಳನ್ನೇ ನೋಡಿ ಪಳಗಿದ್ದು. ನಂಬರ್ ಎಷ್ಟು ಎಂದೆ.

"ನೋ ವಹಾಲಾ," ಎಂದ, ತಲೆ ಎತ್ತಲಿಲ್ಲ.

"ಅದು ನಂಬರ್ ಅಲ್ಲ, ಸೋಮಣ್ಣ."

"ಒಂಬತ್ತು ದಿನ ಬಿಟ್ಟುಬಿಡು, ರೆಫ್. ಒಂಬತ್ತು ದಿನ ನೀನು ಏನೂ ನೋಡಿಲ್ಲ."

ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಆಟ ಮುಗಿಯಲು ಎರಡು ಸೆಕೆಂಡು ಇರುವಾಗ ಫೌಲು ಕಂಡರೆ ಊದುವುದು ಕಷ್ಟ. ಒಂದು ಮಗು ಅಳುತ್ತದೆ, ಅದರಪ್ಪ ಪಾರ್ಕಿಂಗ್ ಲಾಟಿನವರೆಗೂ ಬೈದುಕೊಂಡು ಬರುತ್ತಾನೆ. ಆದರೂ ಊದದೆ ಇರುವವಳು ರೆಫರಿಯಲ್ಲ. ನಾನು ಹೋಗಿ ಮರಿಸೆಲ್‌ಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಅವನನ್ನು ಗಾಲಿಕುರ್ಚಿಯಲ್ಲಿ ಸ್ಕ್ಯಾನಿಗೆ ಕರೆದೊಯ್ದರು. ಕಾಲಿನಲ್ಲಿ ಮತ್ತೆ ಹೆಪ್ಪುಗಟ್ಟಿತ್ತು. ಶಿಬಿರ ಹೋಯಿತು. ನನ್ನ ಪಕ್ಕದಿಂದ ಕುರ್ಚಿ ತಳ್ಳಿಕೊಂಡು ಹೋಗುವಾಗ ಅವನು ಮೆಲ್ಲಗೆ ಹೇಳಿದ.

"ನೀನು ನನ್ನ ಆಟ ಮುಗಿಸಿಬಿಟ್ಟೆ, ರೆಫ್."

ಆಮೇಲೆ ಅವನು ಆ ಕ್ಲಿನಿಕ್ಕಿಗೆ ಬರಲಿಲ್ಲ. ನನ್ನ ಮೆಸೇಜುಗಳಿಗೆ ಉತ್ತರವಿಲ್ಲ. ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು, ಅದರಿಂದ ನನಗೆ ಚೂರೂ ಸಮಾಧಾನವಾಗಲಿಲ್ಲ. ಚಳಿಗಾಲ ಕಳೆಯಿತು. ನನಗೆ ಮಾತ್ರೆ ನಿಂತು, ಓಡಬಹುದು, ವಿಸಲ್ ಊದಬಹುದು ಎಂದು ಡಾಕ್ಟರು ಒಪ್ಪಿಗೆ ಕೊಟ್ಟ ದಿನ ನಾನು ಲಿವರ್‌ಮೋರ್ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋದೆ. ಸೋಮ ಮತ್ತೆ ಕೋರ್ಟಿಗಿಳಿಯುವವರೆಗೆ ನಾನು ವಿಸಲ್ ಊದುವುದಿಲ್ಲ ಎಂದು ಹರಕೆ ಹೊತ್ತೆ. ಅರ್ಚಕರಿಗೆ ವಿಸಲ್ಲು ಕೊಟ್ಟಾಗ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದೇವರ ಪಾದಕ್ಕಿಟ್ಟು, ಕುಂಕುಮ ಹಚ್ಚಿ, ಬಾಯಿಗೆ ಅರಿಶಿನದ ದಾರ ಸುತ್ತಿ ಗಂಟು ಹಾಕಿ ಹಿಂದಿರುಗಿಸಿದರು.

"ಜನ ಮುಡಿ ಕೊಡ್ತಾರೆ, ನೀನು ಸದ್ದು ಕೊಟ್ಟಿದೀಯ," ಎಂದರು ರಮೇಶ. "ಮನೇಲೂ ಅನ್ವಯ ಆಗತ್ತಾ?"

ಆಗಲಿಲ್ಲ. ಆದರೆ ಶನಿವಾರಗಳಲ್ಲಿ ನಾನು ಮಕ್ಕಳ ಆಟವನ್ನು ಬೆಂಚಿನ ಮೇಲೆ ಕುಳಿತು ನೋಡಿದೆ. ಬೇರೆ ರೆಫರಿಗಳು ಬಿಟ್ಟ ಫೌಲುಗಳನ್ನು ಹಲ್ಲು ಕಚ್ಚಿ ನುಂಗಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಹೋಯಿತು.

ಒಂದು ಮಧ್ಯಾಹ್ನ ತರಗತಿ ಮುಗಿಸಿ ಫೋನ್ ನೋಡಿದರೆ ಸೋಮನ ಮೆಸೇಜು. ಒಂದೇ ಒಂದು ಅಂಕಿ: 0.

ಮಕ್ಕಳು ಹೊರಗೆ ಹೋಗುತ್ತಿದ್ದರು, ನಾನು ಬೋರ್ಡಿನ ಕಡೆ ತಿರುಗಿ ಅತ್ತೆ. ಆಮೇಲೆ ಅವನೇ ಫೋನ್ ಮಾಡಿ ಎಲ್ಲ ಹೇಳಿದ. ಎರಡನೆಯ ಸಲ ಹೆಪ್ಪುಗಟ್ಟಿದ್ದರಿಂದಲೇ ಡಾಕ್ಟರುಗಳು ಬಿಡದೆ ಹುಡುಕಿದರಂತೆ. ಸೊಂಟದ ಬಳಿ ಒಂದು ರಕ್ತನಾಳ ಹುಟ್ಟಿನಿಂದಲೇ ಹಿಸುಕಿದಂತಿತ್ತು. ಅದನ್ನು ಸರಿಮಾಡಿದರು. ತಿಂಗಳುಗಟ್ಟಲೆ ಕಾದು, ಇನ್ನು ಮಾತ್ರೆ ಬೇಡ, ಆಡಬಹುದು ಎಂದರು. ಆ ಒಂಬತ್ತು ದಿನ ಸುಮ್ಮನಿದ್ದಿದ್ದರೆ ಶಿಬಿರಕ್ಕೆ ಹೋಗುವ ವಿಮಾನದಲ್ಲೇ ಸಾಯುತ್ತಿದ್ದೆ ಎಂದು ಡಾಕ್ಟರು ಅವನಿಗೆ ಹೇಳಿದ್ದರಂತೆ. ಅದು ಗೊತ್ತಾಗಿಯೂ ನಿನಗೆ ಫೋನ್ ಮಾಡಲು ಮುಖವಿರಲಿಲ್ಲ, ಸೊನ್ನೆ ಆಗಲಿ ಎಂದು ಕಾದೆ ಎಂದ. ಹಳೆಯ ತಂಡವೇ ಅವನನ್ನು ಮತ್ತೆ ತೆಗೆದುಕೊಂಡಿತ್ತು. ಸ್ಯಾನ್ ಹೊಸೆಯಲ್ಲಿ ಮೊದಲ ಪಂದ್ಯ, ಮೂರು ಟಿಕೆಟ್ ಇಟ್ಟಿದ್ದ.

ಆ ಭಾನುವಾರ ಮಧ್ಯಾಹ್ನ ನಾವು ಮೂವರೂ ಹೋದೆವು. ಸೋಮನನ್ನು ಇಳಿಸಿದ್ದು ಎರಡನೆಯ ಅರ್ಧದಲ್ಲಿ. ಕೈಗೆ ಸಿಕ್ಕ ಮೊದಲ ಚೆಂಡನ್ನೇ ಕಳೆದುಕೊಂಡ. ನನ್ನ ಹಿಂದೆ ಕುಳಿತವನೊಬ್ಬ ಮುದುಕನನ್ನು ಯಾಕೆ ತಂದರೋ ಎಂದ. ನಾನು ತಿರುಗಿ ನೋಡಿದ ನೋಟಕ್ಕೆ ಅವನು ಪಾಪ್‌ಕಾರ್ನ್ ಕೆಳಗಿಟ್ಟ. ಮುಂದಿನ ಸಲ ಸೋಮ ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ತಡೆದು, ಅದೇ ಉಸಿರಿಗೆ ಓಡಿ, ಎರಡೂ ಕೈಯಿಂದ ರಿಂಗಿನೊಳಕ್ಕೆ ತುಂಬಿದ. ಹಿಂದಿನವನೇ ಎಲ್ಲರಿಗಿಂತ ಜೋರಾಗಿ ಕೂಗಿದ. ಎನುಗುವಿನ ಆ ಕಿರಿದಾದ ರಿಂಗು ನನಗೆ ನೆನಪಾಯಿತು.

ಆಟ ಮುಗಿಯಲು ಇನ್ನೇನು ಅರ್ಧ ನಿಮಿಷವಿತ್ತು, ಸೋಮನ ತಂಡ ಒಂದು ಅಂಕ ಹಿಂದಿತ್ತು. ಸೋಮ ಮೇಲಕ್ಕೆ ಜಿಗಿದಾಗ ಎದುರಾಳಿಯ ಮೊಣಕೈ ಅವನ ಎದೆಗೆ ಬಡಿಯಿತು. ಅಷ್ಟೆತ್ತರದ ಮೈ ಬೆನ್ನಡಿಯಾಗಿ ಮರದ ನೆಲಕ್ಕೆ ಬಿತ್ತು. ರೆಫರಿ ಊದಿದ. ಸೋಮ ಏಳಲಿಲ್ಲ. ಸಿರಿ ನನ್ನ ಕೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದಿದ್ದಳು. ತಂಡದ ಡಾಕ್ಟರು ಬಾಗಿ ಏನೋ ಕೇಳುತ್ತಿದ್ದರು. ನನ್ನ ಉಸಿರು ಮತ್ತೆ ಆ ನಲ್ಲಿಯ ಮುಂದಿನ ಉಸಿರಾಯಿತು.

ಮಲಗಿದ್ದಲ್ಲಿಂದಲೇ ಅವನು ನಮ್ಮ ಕಡೆ ಬಲಗೈ ಎತ್ತಿದ. ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡಗೆ ಹಿಡಿದ.

ಜನ ಹೋ ಎಂದು ಎದ್ದು ನಿಂತರು. ಅವರೆಲ್ಲ ಅದನ್ನು ಓಕೆ ಎಂದುಕೊಂಡರು. ನಮಗೆ ಮೂವರಿಗೆ ಮಾತ್ರ ಗೊತ್ತಿತ್ತು, ಅದು ಸೊನ್ನೆ.

ಅವನು ಎದ್ದು, ಗೆರೆಯ ಮೇಲೆ ನಿಂತು, ಆ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋಗಳನ್ನೂ ಹಾಕಿದ. ಎರಡೂ ರಿಂಗಿಗೆ ತಾಗದೆ ಒಳಗೆ ಹೋದವು, ತಂಡ ಒಂದು ಅಂಕ ಮುಂದಾಯಿತು. ಎದುರಾಳಿಗಳ ಕೊನೆಯ ಚೆಂಡು ಹೊರಕ್ಕೆ ಪುಟಿಯಿತು, ಆಟ ಮುಗಿದ ಬಜರು ಮೊಳಗಿತು. ನಾನು ಚೀಲದಿಂದ ವಿಸಲ್ ತೆಗೆದೆ. ಅರ್ಚಕರ ಗಂಟು ಬಿಗಿಯಾಗಿತ್ತು. ರಮೇಶರೇ ಹಲ್ಲಿನಿಂದ ದಾರ ಕಿತ್ತು ಕೊಟ್ಟರು. ಪ್ರೇಕ್ಷಕರ ಸಾಲಿನಲ್ಲಿ ವಿಸಲ್ ಊದುವುದು ಎಂಥ ಅಪರಾಧ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಊದಿದೆ. ಎದೆಯ ತಳದಲ್ಲಿದ್ದ ಗಾಳಿಯೆಲ್ಲ ಬರುವವರೆಗೆ ಊದಿದೆ. ಒಳಗಿನ ಕಾಳು ಕುಣಿಯಿತು. ಕೋರ್ಟಿನ ಮೇಲಿದ್ದ ಮೂವರು ರೆಫರಿಗಳೂ ತಿರುಗಿ ನೋಡಿದರು. ಸೋಮ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಗುತ್ತಿದ್ದ. ಸಿರಿ ಮುಖ ಮುಚ್ಚಿಕೊಂಡಳು, ಆದರೆ ನನ್ನ ಪಕ್ಕ ಬಿಟ್ಟು ಹೋಗಲಿಲ್ಲ.

ಕೆಂಪು ಜಾಕೆಟ್ಟಿನ ಕಾವಲಿನವರೊಬ್ಬರು ಮೆಟ್ಟಿಲು ಹತ್ತಿ ಬಂದರು. ನನ್ನ ಒದ್ದೆ ಮುಖ ನೋಡಿ ಅವರಿಗೆ ಗಾಬರಿಯಾಯಿತು. ಏನಾದರೂ ಆಗಿದೆಯೇ, ನೀವು ಹುಷಾರಾಗಿದ್ದೀರಾ ಎಂದು ಕೇಳಿದರು. ಪರವಾಗಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ.

"ಸೊನ್ನೆ," ಎಂದೆ.